ಆರು ಗ್ರಾಂ ಸಕ್ಕರೆಯ ಲೆಕ್ಕ

ದೆಹಲಿಯ ಹೌಜ್ ಖಾಸ್‌ನಲ್ಲಿ ಒಂದು ಬರ್ಸಾತಿಯನ್ನು ಊಹಿಸಿಕೊಳ್ಳಿ. ಮೂರಂತಸ್ತಿನ ಮನೆಯ ತಾರಸಿಯ ಮೇಲೆ ಒಂದೇ ಕೋಣೆ. ಬೇಸಿಗೆಯಲ್ಲಿ ಕಾದ ಕಾವಲಿ, ಚಳಿಗಾಲದಲ್ಲಿ ಫ್ರಿಜ್ಜು. ಬಾಡಿಗೆಗೆ ಇರುವವರು ಇಬ್ಬರು ಹುಡುಗರು, ಒಬ್ಬ ಧಾರವಾಡದ ಕಡೆಯವನು, ಇನ್ನೊಬ್ಬ ಹಾಸನದ ಕಡೆಯವನು. ಡಿಸೆಂಬರಿನಲ್ಲಿ ಇಪ್ಪತ್ತು ಲೀಟರ್ ಬಿಯರ್ ಹುದುಗಿಸಿದ್ದಾರೆ. ಜನವರಿಯ ಮೊದಲ ವಾರ ಅದನ್ನು ಬಾಟಲಿಗಳಿಗೆ ತುಂಬಿ, ಒಂದೊಂದಕ್ಕೂ ಒಂದು ಚಮಚ ಸಕ್ಕರೆ ಹಾಕಿ, ಮುಚ್ಚಳ ಒತ್ತಿ, ಮಂಚದ ಕೆಳಗೆ ಸಾಲಾಗಿ ನಿಲ್ಲಿಸಿದ್ದಾರೆ. ಎರಡು ವಾರ ಬಿಟ್ಟು ಒಂದನ್ನು ತೆರೆದರೆ ಸದ್ದೂ ಇಲ್ಲ, ನೊರೆಯೂ ಇಲ್ಲ.

‘ಲೇ, ಇದ್ರಾಗ ಗ್ಯಾಸ್ ಬಂದೇ ಇಲ್ಲಲೇ’ ಎನ್ನುತ್ತಾನೆ ಧಾರವಾಡದವನು.

‘ಇನ್ನೊಂದ್ ಚಮಚ ಹಾಕನ ತಗೋ, ಏನಾಗುತ್ತೆ?’ ಎನ್ನುತ್ತಾನೆ ಹಾಸನದವನು.

ಎಲ್ಲ ಬಾಟಲಿಗಳ ಮುಚ್ಚಳ ತೆಗೆದು ಇನ್ನೊಂದು ಚಮಚ ಸಕ್ಕರೆ ಸುರಿದು ಮತ್ತೆ ಹೊಸ ಮುಚ್ಚಳ ಒತ್ತುತ್ತಾರೆ. ಫೆಬ್ರುವರಿ ಕಳೆಯುತ್ತದೆ. ಹೋಳಿ ಮುಗಿಯುತ್ತದೆ. ರಜಾಯಿ ಮಡಿಸಿ ಅಟ್ಟಕ್ಕೆ ಹೋಗುತ್ತದೆ, ಕೂಲರ್ ಕೆಳಗಿಳಿಯುತ್ತದೆ. ಏಪ್ರಿಲಿನ ಒಂದು ಮಧ್ಯಾಹ್ನ ಮಂಚದ ಕೆಳಗಿನ ಒಂದು ಬಾಟಲಿ ಸಿಡಿಯುತ್ತದೆ. ಅದರ ಗಾಜು ಪಕ್ಕದ ಬಾಟಲಿಗೆ ಬಡಿಯುತ್ತದೆ. ಆ ಹೊತ್ತಿಗೆ ಹುಡುಗರಿಬ್ಬರೂ ಆಫೀಸಿನಲ್ಲಿದ್ದರೆ ಮನೆ ಒರೆಸುವ ಕೆಲಸವಷ್ಟೆ. ಒಬ್ಬ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರೆ ಅವನ ಕಣ್ಣಿಗೇ ಕುತ್ತು.

ಹುಡುಗರಿಬ್ಬರೂ ಕಲ್ಪಿತರು. ಅವರ ಮಂಚದ ಕೆಳಗೆ ನಡೆದ ರಸಾಯನ ನಿಜ. ಇಂಥದ್ದು ನಡೆದಾಗ ಕುಡಿತವನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಆ ಬಾಟಲಿಯನ್ನು ಒಡೆದದ್ದು ಅದರೊಳಗಿನ ಮದ್ಯವಲ್ಲ, ಚಮಚದ ಅಂದಾಜು. ಆ ಅಂದಾಜನ್ನು ತಿದ್ದಬೇಕಾಗಿದ್ದ ತಿಳಿವಳಿಕೆ ಹುಡುಗರ ಕೈಗೆ ಸಿಗದಂತೆ ಮಾಡಿದ್ದರಲ್ಲಿ ಕಾನೂನಿನ ಪಾಲೂ ಇದೆ.

ಮೊದಲು ಬಾಟಲಿಯೊಳಗೆ ಏನಾಗುತ್ತದೆ ಎಂದು ನೋಡಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿರಸವನ್ನು ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ಒಂದೆರಡು ವಾರದಲ್ಲಿ ತಿನ್ನುವಂಥ ಸಕ್ಕರೆ ಮುಗಿಯುತ್ತದೆ. ಅನಿಲದ ಬಹುಪಾಲು ಗಾಳಿಗೆ ಹೋಗಿರುತ್ತದೆ. ಉಳಿಯುವುದು ಬಿಯರೇ, ಆದರೆ ಸಪ್ಪೆ. ಮುಚ್ಚಳ ತೆರೆದಿಟ್ಟು ಮರೆತ ಸೋಡಾದಂತೆ. ಕಾರ್ಖಾನೆಯಲ್ಲಾದರೆ ಒತ್ತಡದ ಟ್ಯಾಂಕಿನಲ್ಲಿ ಅನಿಲವನ್ನು ಉಳಿಸಿಕೊಳ್ಳುತ್ತಾರೆ, ಇಲ್ಲವೇ ಹೊರಗಿನಿಂದ ತುಂಬುತ್ತಾರೆ. ಮನೆಯಲ್ಲಿ ಅದಕ್ಕೊಂದು ಹಳೆಯ ಉಪಾಯವಿದೆ. ಬಾಟಲಿಗೆ ತುಂಬುವ ಮುಂಚೆ ಬಿಯರಿಗೆ ಒಂದು ಚೂರು ಸಕ್ಕರೆ ಸೇರಿಸುವುದು. ಬಿಯರಿನಲ್ಲಿ ಕಣ್ಣಿಗೆ ಕಾಣದಂತೆ ಉಳಿದಿರುವ ಯೀಸ್ಟ್ ಅದನ್ನು ತಿನ್ನುತ್ತದೆ. ಈ ಸಲ ಮುಚ್ಚಳ ಭದ್ರವಾಗಿರುವುದರಿಂದ ಅನಿಲಕ್ಕೆ ಹೋಗಲು ದಾರಿಯಿಲ್ಲ. ದ್ರವದಲ್ಲೇ ಕರಗಿ ಕೂರುತ್ತದೆ. ಈ ಕೆಲಸಕ್ಕೆ ಪ್ರೈಮಿಂಗ್ ಎನ್ನುತ್ತಾರೆ.

ಲೆಕ್ಕ ಸರಳ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಅನಿಲ, ಎಂದರೆ ಸುಮಾರು ಎರಡು ಗ್ರಾಂ, ಕರಗಿದ್ದರೆ ಅದನ್ನು ಒಂದು ವಾಲ್ಯೂಮ್ ಎಂದು ಎಣಿಸುತ್ತಾರೆ. ಸಾಮಾನ್ಯ ಬಿಯರಿಗೆ 2.4 ವಾಲ್ಯೂಮಿನಷ್ಟು ಹಿತ. 100 ಗ್ರಾಂ ಸಕ್ಕರೆಯಿಂದ ಹೆಚ್ಚೆಂದರೆ 51 ಗ್ರಾಂ ಅನಿಲ ಹುಟ್ಟುತ್ತದೆ. ಹಾಗಾಗಿ ಲೀಟರಿಗೆ ನಾಲ್ಕು ಗ್ರಾಂ ಸಕ್ಕರೆ ಒಂದು ವಾಲ್ಯೂಮ್ ಕೊಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ 0.85 ವಾಲ್ಯೂಮಿನಷ್ಟು ಉಳಿದಿರುತ್ತದೆ. ಬೇಕಾದದ್ದು ಇನ್ನು ಒಂದೂವರೆಯಷ್ಟೆ. ಅಂದರೆ ಲೀಟರಿಗೆ ಆರು ಗ್ರಾಂ. ಇಪ್ಪತ್ತು ಲೀಟರಿಗೆ ಸುಮಾರು 120 ಗ್ರಾಂ. 650 ಮಿಲಿಲೀಟರಿನ ಒಂದು ಬಾಟಲಿಗೆ ನಾಲ್ಕು ಗ್ರಾಂ, ಮಟ್ಟಸವಾದ ಒಂದು ಟೀ ಚಮಚ. ಇದರಿಂದ ಹೆಚ್ಚುವ ಮತ್ತು ಶೇಕಡಾ ಅರ್ಧಕ್ಕಿಂತ ಕಡಿಮೆ. ಈ ಸಕ್ಕರೆ ನೊರೆಗಾಗಿ, ನಶೆಗಾಗಿ ಅಲ್ಲ.

ತೊಡಕು ಇರುವುದು ‘ಮಟ್ಟಸವಾದ’ ಎಂಬ ಮಾತಿನಲ್ಲಿ. ಅದೇ ಚಮಚವನ್ನು ಗೋಪುರ ಮಾಡಿ ತುಂಬಿದರೆ ಆರೇಳು ಗ್ರಾಂ ಹಿಡಿಯುತ್ತದೆ. ಅಲ್ಲಿಗೆ ಬಾಟಲಿಯೊಳಗೆ ಮೂರೂವರೆ ವಾಲ್ಯೂಮ್. ಚಹಾದಲ್ಲಿ ಅದು ‘ಸ್ವಲ್ಪ ಸಿಹಿ ಜಾಸ್ತಿ ಆಯ್ತು’ ಅನ್ನಿಸಿಕೊಳ್ಳುವಷ್ಟು ಸಣ್ಣ ವ್ಯತ್ಯಾಸ.

ಕನ್ನಡದ ಅಡುಗೆಮನೆಗೆ ಹುದುಗು ಹೊಸದಲ್ಲ. ದೋಸೆ ಹಿಟ್ಟು, ಇಡ್ಲಿ ಹಿಟ್ಟು ರಾತ್ರಿಯಿಡೀ ಮಾಡುವುದೂ ಇಂಥದ್ದೇ ಕೆಲಸ. ಅಲ್ಲಿ ಯಾರೂ ತೂಕ ಮಾಡುವುದಿಲ್ಲ. ಉದ್ದು ಒಂದು ಹಿಡಿ ಹೆಚ್ಚಾದರೆ, ಸೆಕೆ ಜೋರಾಗಿದ್ದರೆ ಹಿಟ್ಟು ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತದೆ. ಅಜ್ಜಿ ಬೈಯುತ್ತಾಳೆ, ಒರೆಸುತ್ತಾಳೆ. ಈಚಲ ಹೆಂಡದ ಮಡಕೆಯೂ ಅಷ್ಟೆ, ನೊರೆ ಬಾಯಿಂದಾಚೆ ಚೆಲ್ಲುತ್ತದೆ. ಕೊಡಗಿನ ಮನೆಗಳಲ್ಲಿ, ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಮಾಡುವ ವೈನಿನ ಭರಣಿಯ ಬಾಯಿಗೂ ಬಟ್ಟೆ ಕಟ್ಟುವುದುಂಟು, ಉಸಿರಾಡಲಿ ಎಂದು. ಈ ಎಲ್ಲ ಪಾತ್ರೆಗಳೂ ಬಾಯಿ ತೆರೆದವು. ಅಂದಾಜು ತಪ್ಪಿದರೆ ಪಾತ್ರೆಯೇ ತಪ್ಪನ್ನು ಹೊರಗೆ ಚೆಲ್ಲಿ ಸರಿಮಾಡಿಕೊಳ್ಳುತ್ತದೆ. ಕೈ ಅಳತೆಯ ಜಾಣ್ಮೆ ಬೆಳೆದದ್ದು ಇಂಥ ಕ್ಷಮೆಯಿರುವ ಪಾತ್ರೆಗಳ ನಡುವೆ. ಮುಚ್ಚಳ ಒತ್ತಿದ ಗಾಜಿನ ಬಾಟಲಿಗೆ ಆ ಕ್ಷಮೆ ಇಲ್ಲ. ಪೀಳಿಗೆಗಳಿಂದ ಬಂದ ಕೈ ಅಳತೆಯನ್ನು ಹಾಗೆಯೇ ಅಲ್ಲಿಗೆ ಒಯ್ದವರು ದಡ್ಡರಲ್ಲ. ಪಾತ್ರೆ ಬದಲಾಗಿದೆ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಈ ಪಾಠ ಕಲಿಯಲು ಯುರೋಪಿಗೂ ಬಹಳ ಕಾಲ ಹಿಡಿಯಿತು. ವೈನಿಗೆ ಸಕ್ಕರೆ ಹಾಕಿದರೆ ಅದು ಚುರುಕಾಗಿ ಉಕ್ಕುತ್ತದೆ ಎಂದು ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹೇಳಿದ್ದ. ಎಷ್ಟು ಹಾಕಬೇಕು ಎಂಬ ಲೆಕ್ಕ ಮಾತ್ರ ಬರಲಿಲ್ಲ. ಶಾಂಪೇನ್ ಪ್ರಾಂತ್ಯದ ನೆಲಮಾಳಿಗೆಗಳಲ್ಲಿ ಬಾಟಲಿಗಳು ಸರಣಿಯಾಗಿ ಸಿಡಿಯುತ್ತಿದ್ದವು. ಕೆಲಸಗಾರರು ಮುಖಕ್ಕೆ ಕಬ್ಬಿಣದ ಮುಸುಕು ಹಾಕಿಕೊಂಡು ಒಳಗಿಳಿಯುತ್ತಿದ್ದರು. 1830ರ ದಶಕದಲ್ಲಿ ಶಾಲೋನ್ ಪಟ್ಟಣದ ಔಷಧಿ ವ್ಯಾಪಾರಿ ಫ್ರಾನ್ಸ್ವಾ, ವೈನಿನಲ್ಲಿ ಈಗಾಗಲೇ ಎಷ್ಟು ಸಕ್ಕರೆ ಉಳಿದಿದೆ ಎಂದು ಅಳೆದು, ಇನ್ನೆಷ್ಟು ಸೇರಿಸಬಹುದು ಎಂದು ಹೇಳುವ ವಿಧಾನ ಕಂಡುಹಿಡಿದ. ಒಡೆಯುವ ಬಾಟಲಿಗಳ ಸಂಖ್ಯೆ ಇಳಿಯತೊಡಗಿತು. ಔಷಧಿ ತೂಗುವವನೇ ಇದನ್ನು ಬಿಡಿಸಿದ್ದು ಆಶ್ಚರ್ಯವೇನಲ್ಲ.

ಫ್ರಾನ್ಸ್ವಾ ಕೇಳಿದ ಪ್ರಶ್ನೆ ಮನೆ ಬಿಯರಿಗೂ ಮೊದಲ ಪ್ರಶ್ನೆ. ಮೊದಲ ಹುದುಗು ಪೂರ್ತಿ ಮುಗಿಯಿತೇ? ಗುಳ್ಳೆ ನಿಂತಿತು ಎಂದ ಮಾತ್ರಕ್ಕೆ ಮುಗಿಯಿತು ಎನ್ನಲಾಗದು. ಚಳಿಗೆ ಯೀಸ್ಟ್ ಮಲಗಿರಬಹುದು. ನೋಡಲು ಹೈಡ್ರೋಮೀಟರ್ ಬೇಕು. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ನೋಡಿದವರಿಗೆ ಅದು ಹೊಸತಲ್ಲ. ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ ಅದೇ ಗಾಜಿನ ಕಡ್ಡಿ. ಮೂರು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅದೇ ಅಂಕಿ ಇದ್ದರೆ ಮುಗಿದಿದೆ ಎಂದರ್ಥ. ಆ ಅಂಕಿ ಇನ್ನೂ 1.014ರಿಂದ 1.010ಕ್ಕೆ ಇಳಿಯುವುದಿದ್ದಾಗಲೇ ಬಾಟಲಿ ಮುಚ್ಚಿದರೆ, ಆ ನಾಲ್ಕು ಅಂಶದ ಇಳಿಕೆಯೇ ಸುಮಾರು ಎರಡು ವಾಲ್ಯೂಮ್ ಅನಿಲ ಕೊಡುತ್ತದೆ. ಮೇಲೆ ಹಾಕಿದ ಚಮಚ ಸಕ್ಕರೆ ಅದರ ಜೊತೆಗೆ.

ದೆಹಲಿಯ ಹವೆ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಕೋಣೆಯ ಉಷ್ಣತೆ ಹೆಚ್ಚೇನೂ ಏರಿಳಿಯದು. ಹೌಜ್ ಖಾಸ್‌ನ ತಾರಸಿ ಕೋಣೆ ಜನವರಿಯಲ್ಲಿ 12 ಡಿಗ್ರಿಗೆ ಇಳಿಯಬಲ್ಲದು, ಮೇ ತಿಂಗಳಲ್ಲಿ 40 ದಾಟಬಲ್ಲದು. ದ್ರವ ತಣ್ಣಗಿದ್ದಷ್ಟೂ ಅನಿಲವನ್ನು ಹೆಚ್ಚು ಹಿಡಿದಿಡುತ್ತದೆ. 12 ಡಿಗ್ರಿಯಲ್ಲೇ ಹುದುಗಿ ಮುಗಿದ ಬಿಯರಿನಲ್ಲಿ 1.1 ವಾಲ್ಯೂಮ್ ಮೊದಲೇ ಇರುತ್ತದೆ. ಲೀಟರಿಗೆ ಐದು ಗ್ರಾಂ ಸಕ್ಕರೆ ಸಾಕು. 28 ಡಿಗ್ರಿಯಲ್ಲಿ ಮುಗಿದಿದ್ದರೆ ಉಳಿದಿರುವುದು 0.7ರಷ್ಟು, ಆಗ ಏಳು ಗ್ರಾಂ ಹತ್ತಿರ ಬೇಕು. ಒಂದೇ ಪಾಕವಿಧಾನ, ಎರಡು ಋತು, ಎರಡು ತೂಕ.

ಆ ಇಬ್ಬರು ಹುಡುಗರು ಎಡವಿದ್ದು ಇಲ್ಲೇ. ಜನವರಿಯ ಚಳಿಗೆ ಯೀಸ್ಟ್ ಮುದುರಿಕೊಂಡಿತ್ತು. ಹಾಕಿದ ಮೊದಲ ಚಮಚ ಎಲ್ಲಿಗೂ ಹೋಗಿರಲಿಲ್ಲ, ಕಾಯುತ್ತಿತ್ತು. ಬೇಕಿದ್ದದ್ದು ಇನ್ನಷ್ಟು ಸಕ್ಕರೆಯಲ್ಲ, ಇನ್ನಷ್ಟು ಬಿಸುಪು. ಬಾಟಲಿಗಳನ್ನು ಕಂಬಳಿಯಲ್ಲಿ ಸುತ್ತಿ ಅಡುಗೆಮನೆಯ ಬೆಚ್ಚನೆಯ ಮೂಲೆಗೆ ಸರಿಸಿ ಎರಡು ವಾರ ತಾಳಿದ್ದರೆ ಸಾಕಿತ್ತು. ಅವರು ಎರಡನೆಯ ಚಮಚ ಹಾಕಿದರು. ಮಾರ್ಚಿನಲ್ಲಿ ಕೋಣೆ ಬೆಚ್ಚಗಾದಾಗ ಯೀಸ್ಟ್ ಎದ್ದು ಎರಡು ಚಮಚವನ್ನೂ ತಿಂದಿತು. ನಾಲ್ಕು ವಾಲ್ಯೂಮಿನ ಹತ್ತಿರ.

ಒತ್ತಡದಲ್ಲಿ ಇದರ ಅರ್ಥವೇನು? ಕಾರಿನ ಟೈರಿಗೆ ಗಾಳಿ ಹಾಕಿಸುವಾಗ 32 ಎನ್ನುತ್ತಾರಲ್ಲ, ಅದೇ ಪಿಎಸ್‌ಐ ಲೆಕ್ಕದಲ್ಲಿ 2.4 ವಾಲ್ಯೂಮಿನ ಬಾಟಲಿಯೊಳಗೆ 20 ಡಿಗ್ರಿಯಲ್ಲಿ ಸುಮಾರು 26 ಇರುತ್ತದೆ. ಅದೇ ಬಾಟಲಿ 40 ಡಿಗ್ರಿಯ ಕೋಣೆಯಲ್ಲಿದ್ದರೆ 50ರ ಆಸುಪಾಸು. ಸರಿಯಾಗಿ ತೂಗಿ ಮಾಡಿದ ಬಾಟಲಿಯನ್ನೂ ದೆಹಲಿಯ ಬೇಸಿಗೆಯಲ್ಲಿ ಹೊರಗಿಡುವುದು ಜಾಣತನವಲ್ಲ. ಇನ್ನು ನಾಲ್ಕು ವಾಲ್ಯೂಮಿನದು 30 ಡಿಗ್ರಿಗೇ 70 ದಾಟುತ್ತದೆ. ಮನೆಯಲ್ಲಿ ಬಿಯರ್ ಮಾಡುವವರು ಬಳಸುವುದು ಹೆಚ್ಚಾಗಿ ಅಂಗಡಿಯ ಖಾಲಿ ಬಾಟಲಿ, ಇಲ್ಲವೇ ಕಬಾಡಿವಾಲನಿಂದ ತಂದದ್ದು. ಎಷ್ಟು ಸಲ ಕ್ರೇಟಿನಲ್ಲಿ ಉರುಳಿ, ತೊಳೆದು, ತುಂಬಿ, ಮತ್ತೆ ಉರುಳಿದ ಗಾಜೋ ಅದು. ಕುತ್ತಿಗೆಯಲ್ಲಿ ಒಂದು ಕೂದಲೆಳೆಯ ಗೀರಿದ್ದರೂ ಒತ್ತಡ ಅಲ್ಲಿಗೇ ಹುಡುಕಿಕೊಂಡು ಹೋಗುತ್ತದೆ.

ಇದೇ ಹೌಜ್ ಖಾಸ್‌ನ ರಸ್ತೆಬದಿಯ ಗಾಡಿಯಲ್ಲಿ ಬೇಸಿಗೆಗೆ ಬಂಟಾ ಸಿಗುತ್ತದೆ, ದೆಹಲಿಯವರ ಗೋಲಿ ಸೋಡಾ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ರೂಪಿಸಿದ ಬಾಟಲಿ ಅದು. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಸೋಡಾದ ಮೂಲವೂ ಬಿಯರಿನ ತೊಟ್ಟಿಯೇ. 1767ರಲ್ಲಿ ಲೀಡ್ಸ್ ಪಟ್ಟಣದ ಜೋಸೆಫ್ ಪ್ರೀಸ್ಟ್ಲಿ ತನ್ನ ಮನೆಯ ಪಕ್ಕದ ಬಿಯರ್ ಕಾರ್ಖಾನೆಯಲ್ಲಿ, ಹುದುಗುವ ತೊಟ್ಟಿಯ ಮೇಲಿನ ಅನಿಲವನ್ನು ನೀರಿಗೆ ಕೂಡಿಸಿ ನೋಡಿದ. ಆದರೆ ಬಂಟಾಕ್ಕೂ ಮನೆ ಬಿಯರಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಬಂಟಾದ ಅನಿಲ ಸಿಲಿಂಡರಿನಿಂದ ಬರುತ್ತದೆ. ಬಾಟಲಿ ತುಂಬಿದ ಮೇಲೆ ಅದು ಒಳಗೆ ಬೆಳೆಯುವುದಿಲ್ಲ. ಪ್ರೈಮಿಂಗ್ ಮಾಡಿದ ಬಾಟಲಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಮುಚ್ಚಳ ಒತ್ತಿದ ಮೇಲೆ ಕೈಗೆ ಸಿಗುವಂಥದ್ದು ಏನೂ ಉಳಿಯದು. ತಿದ್ದುವುದೆಲ್ಲ ಅದಕ್ಕೆ ಮುಂಚೆಯೇ ಆಗಬೇಕು.

ಇಷ್ಟೆಲ್ಲ ತಿಳಿವಳಿಕೆ ಇದ್ದೂ ಅದು ಬರ್ಸಾತಿಯ ಹುಡುಗರನ್ನು ಯಾಕೆ ತಲುಪುವುದಿಲ್ಲ? ಕನ್ನಡದಲ್ಲಿ ‘ಹುದುಗು’ ಎಂಬ ಪದಕ್ಕೆ ಎರಡು ಅರ್ಥ. ಹಿಟ್ಟು ಉಬ್ಬಿಸುವ ಹುದುಗು ಒಂದು, ಅಡಗಿಕೊಳ್ಳುವುದು ಎಂಬ ಹುದುಗು ಇನ್ನೊಂದು. ಮನೆ ಬಿಯರಿನ ವಿಷಯದಲ್ಲಿ ಕಾನೂನು ಈ ಎರಡನ್ನೂ ಒಂದೇ ಮಾಡಿದೆ. ಮದ್ಯ ರಾಜ್ಯಗಳಿಗೆ ಬಿಟ್ಟ ವಿಷಯ. 2009ರ ದೆಹಲಿ ಅಬಕಾರಿ ಕಾಯ್ದೆಯಾಗಲಿ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಾಗಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ಜೈಲಿನವರೆಗೆ ಹೋಗಬಲ್ಲ ಅಪರಾಧ ಎನ್ನುತ್ತವೆ. ಮಾರಾಟಕ್ಕೆ ಭಟ್ಟಿ ಇಳಿಸುವವನಿಗೂ ಹಬ್ಬಕ್ಕೆಂದು ಇಪ್ಪತ್ತು ಲೀಟರ್ ಬಿಯರ್ ಹುದುಗಿಸುವವನಿಗೂ ಇರುವುದು ಒಂದೇ ಬಾಗಿಲು. ಪರವಾನಗಿಯ ವ್ಯವಸ್ಥೆ ಇರುವುದು ಕಾರ್ಖಾನೆಗೆ, ಬಾರಿಗೆ, ಮೈಕ್ರೋಬ್ರೂವರಿಗೆ. ಮನೆಯವನಿಗೆ ಅರ್ಜಿ ಹಾಕಲೂ ಜಾಗವಿಲ್ಲ.

ಹಾಗೆಂದು ಮಾಡುವವರು ಬಿಟ್ಟಿಲ್ಲ. ಮಾಲ್ಟ್ ತಿನ್ನುವ ಪದಾರ್ಥ, ಯೀಸ್ಟ್ ಬ್ರೆಡ್ಡಿಗೂ ಬೇಕು, ಸಕ್ಕರೆ ಪ್ರತಿ ಮನೆಯಲ್ಲೂ ಇದೆ. ನಿಷೇಧ ತಡೆಯುವುದು ಮಾತನ್ನು. ‘ಹೀಗೆ ಮಾಡಿದ್ವಿ’ ಎಂಬ ಪಾಕ ಒಬ್ಬನಿಂದ ಇನ್ನೊಬ್ಬನಿಗೆ ಪಿಸುಮಾತಿನಲ್ಲಿ ದಾಟುತ್ತದೆ. ‘ಹೀಗೆ ಮಾಡಿ ಒಡೆಯಿತು’ ಎಂಬ ಪಾಠ ದಾಟುವುದಿಲ್ಲ. ಗಾಯವಾದವನೂ ಆಸ್ಪತ್ರೆಯಲ್ಲಿ ಕಿಟಕಿ ಗಾಜು ತಗುಲಿತು ಎನ್ನುವುದೇ ಕ್ಷೇಮ. ಪಾಕ ಮಾತ್ರ ಹರಡಿ ಲೆಕ್ಕ ಹರಡದೇ ಹೋದರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಇದಕ್ಕೆ ಎದುರಾಗಿ ಎರಡು ಮಾತು ಬರುತ್ತವೆ, ಎರಡನ್ನೂ ತಳ್ಳಿಹಾಕುವಂತಿಲ್ಲ. ಮೊದಲನೆಯದು ಕಳ್ಳಭಟ್ಟಿಯ ನೆನಪು. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನ ವಿಷಮದ್ಯ ಕುಡಿದು ಸತ್ತರು. 2008ರಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತೆ ಅದೇ ಆಯಿತು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಮನೆಯಲ್ಲಿ ಮಾಡಿದ್ದು ಎಂದ ಕೂಡಲೇ ಹೆದರಿಕೆ ಹುಟ್ಟುವುದು ಸಹಜ. ಆದರೆ ಆ ಸಾವುಗಳಿಗೆ ಕಾರಣ ಮೆಥನಾಲ್, ಅಗ್ಗದ ಮತ್ತಿಗಾಗಿ ಬೆರೆಸುವ ಕೈಗಾರಿಕೆಯ ರಾಸಾಯನಿಕ. ಬಾರ್ಲಿಯನ್ನು ಹುದುಗಿಸಿದಾಗ ಕೊಲ್ಲುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ, ವಿಷ ಬೆರೆಸುವುದು ಇನ್ನೂ ಬೇರೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವ ಕಾನೂನು ಯಾವುದಕ್ಕೆ ಎಷ್ಟು ಹೆದರಬೇಕು ಎಂಬುದನ್ನೇ ಜನರಿಗೆ ಮರೆಸುತ್ತದೆ.

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು, ಅದು ಹೆಂಗಸರದ್ದು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಮಹಿಳೆಯರಿಗೆ ಮನೆಯೊಳಗಿನ ಕುಡಿತ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದೆಹಲಿಯ ಬಾಡಿಗೆ ಕೋಣೆಯ ಹವ್ಯಾಸಕ್ಕಾಗಿ ಕಾನೂನು ಸಡಿಲಿಸಿ ಎಂದರೆ ಅವರಿಗೆ ಅದು ಉಳ್ಳವರ ಹಠವಾಗಿ ಕಂಡರೆ ತಪ್ಪಿಲ್ಲ. ಆದರೆ ಅವರ ಊರಿನ ಮನೆಗಳನ್ನು ಹಾಳುಮಾಡುತ್ತಿರುವುದು ಬೆಳಿಗ್ಗೆಯೇ ಬಾಗಿಲು ತೆರೆದು ಸರ್ಕಾರದ ಬೊಕ್ಕಸ ತುಂಬುವ ಅಗ್ಗದ ಪ್ಯಾಕೆಟ್ಟು ಮದ್ಯ. ಒಂದು ತಿಂಗಳು ತಾಳ್ಮೆಯಿಂದ ಕಾದು, ತೊಳೆದು, ತೂಗಿ ಮಾಡುವ ಬಿಯರ್ ಆ ವ್ಯಾಪಾರದ ಜಾಗಕ್ಕೆ ಬರಲಾರದು. ಆದರೂ ಅವರ ಆತಂಕಕ್ಕೆ ಸಡಿಲಿಕೆಯಲ್ಲಿ ಜಾಗ ಇರಬೇಕು: ಮಾರಾಟ ಕೂಡದು, ಭಟ್ಟಿ ಕೂಡದು, ಮನೆಯ ವಯಸ್ಕರ ಒಪ್ಪಿಗೆ ಬೇಕು, ವರ್ಷಕ್ಕೆ ಇಷ್ಟೇ ಲೀಟರ್ ಎಂಬ ಮಿತಿ ಬೇಕು.

ಇಂಥ ಮಿತಿಯೇನೂ ಕನಸಲ್ಲ. ಬ್ರಿಟನ್ನಿನಲ್ಲಿ 1880ರಿಂದ ಮನೆ ಬಿಯರಿಗೆ ಪರವಾನಗಿ ಬೇಕಿತ್ತು. 1963ರಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ಅಲ್ಲಿಯೂ ಎಲ್ಲ ರಾಜ್ಯಗಳು ಒಪ್ಪಲು 2013ರವರೆಗೆ ಹಿಡಿಯಿತು. ಭಾರತದೊಳಗೇ ಮಧ್ಯಪ್ರದೇಶದ ಅಬಕಾರಿ ಕಾನೂನು ಆದಿವಾಸಿಗಳಿಗೆ ಸ್ವಂತ ಬಳಕೆಗೆ ಮಿತಿಯೊಳಗೆ ಮದ್ಯ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅಸ್ಸಾಮಿನ ದಿಮಾಸಾ ಜನರ ಅಕ್ಕಿಯ ಮದ್ಯ ಜೂಡಿಮಾಕ್ಕೆ 2021ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮನೆಯಲ್ಲಿ ಹುದುಗಿಸುವುದೆಂದರೆ ಅಪರಾಧವೇ ಆಗಿರಬೇಕಿಲ್ಲ ಎಂದು ಈ ದೇಶಕ್ಕೆ ಗೊತ್ತಿದೆ. ಪದ್ಧತಿಯ ಹೆಸರಿನಲ್ಲಿ ಒಪ್ಪಿದ್ದನ್ನು ಅಳತೆಯ ಹೆಸರಿನಲ್ಲೂ ಒಪ್ಪಬಹುದು.

ಒಪ್ಪಿದರೆ ಮೊದಲು ಬದಲಾಗುವುದು ಮಾತು. ಸಕ್ಕರೆಯನ್ನು ಬಾಟಲಿಗೊಂದು ಚಮಚದಂತೆ ಹಾಕದೆ, ಒಟ್ಟು ಬಿಯರಿಗೆ ಬೇಕಾದಷ್ಟನ್ನು ತಕ್ಕಡಿಯಲ್ಲಿ ತೂಗಿ, ನೀರಿನಲ್ಲಿ ಕುದಿಸಿ ಆರಿಸಿ, ಸಮನಾಗಿ ಬೆರೆಸಿದ ಮೇಲೆ ತುಂಬಬೇಕು ಎಂದು ಯಾರಾದರೂ ಗಟ್ಟಿಯಾಗಿ ಹೇಳಬಹುದು. ಬೆಲ್ಲ ಹಾಕಿದರೆ ರುಚಿ ಚೆನ್ನ ಎಂದುಕೊಳ್ಳುವವರಿಗೆ, ಬೆಲ್ಲದ ಒಂದೊಂದು ಅಚ್ಚಿನಲ್ಲೂ ನೀರು ಎಷ್ಟು, ಸಕ್ಕರೆ ಎಷ್ಟು ಎಂಬುದು ಬೇರೆ ಬೇರೆ, ಆದ್ದರಿಂದ ತೂಗಿದರೂ ಲೆಕ್ಕ ನಿಲ್ಲದು ಎಂದು ತಿಳಿಸಬಹುದು. ಎಲ್ಲಕ್ಕಿಂತ ಸುಲಭದ ಉಪಾಯವನ್ನು ಹಂಚಿಕೊಳ್ಳಬಹುದು: ಅದೇ ಬಿಯರನ್ನು ಸೋಡಾದ ಒಂದು ಪ್ಲಾಸ್ಟಿಕ್ ಬಾಟಲಿಗೂ ತುಂಬಿ ಪಕ್ಕದಲ್ಲಿಡುವುದು. ಅದು ಸಾಕ್ಷಿ ಬಾಟಲಿ. ಒತ್ತಿದರೆ ಮೆತ್ತಗಿದ್ದರೆ ಅನಿಲ ಇನ್ನೂ ಬಂದಿಲ್ಲ; ಅಂಗಡಿಯ ಹೊಸ ಸೋಡಾದಷ್ಟು ಬಿಗಿಯಾದರೆ ಎಲ್ಲ ಬಾಟಲಿಗಳೂ ಫ್ರಿಜ್ಜಿಗೆ ಹೋಗಬೇಕು; ಕಲ್ಲಿನಂತಾದರೆ ಗಾಜಿನ ಹತ್ತಿರ ಬರಿಗೈಯಲ್ಲಿ ಹೋಗಬಾರದು.

ಆ ಬರ್ಸಾತಿಯಲ್ಲಿ ಜನವರಿಯ ಆ ದಿನ ಅಂಥದೊಂದು ಬಾಟಲಿ ಇದ್ದಿದ್ದರೆ, ಹಾಸನದವನು ಅದನ್ನು ಒತ್ತಿ ನೋಡಿ ‘ಇನ್ನೂ ಆಗಿಲ್ಲ ಕಣೋ, ಕಂಬಳಿ ಹೊದಿಸಿ ಬಿಡನ’ ಎನ್ನುತ್ತಿದ್ದ. ಆಗ ಅವರಿಗೆ ಬೇಕಿದ್ದದ್ದು ಎರಡನೆಯ ಚಮಚವಲ್ಲ, ಮೂವತ್ತು ರೂಪಾಯಿಯೂ ಬೀಳದ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಮತ್ತು ಅದನ್ನು ಇಡಿ ಎಂದು ಹೇಳಲು ಹೆದರದ ಒಬ್ಬ ಮನುಷ್ಯ.